ಎಲೆ ಕೀಳುವ ತಜ್ಞರು

ಗಿಡದ ಹೆಸರು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರು ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಬ್ಬರೂ ಇಲ್ಲ. ಇದು ತಿಳಿದದ್ದು ಬೀಜದುಂಡೆಯ ದೆಸೆಯಿಂದ. ಜೂನ್ 5ರ ಪರಿಸರ ದಿನಕ್ಕೆಂದು ಮಕ್ಕಳೆಲ್ಲ ಸೇರಿ ಕೆಮ್ಮಣ್ಣು, ಗೊಬ್ಬರ ಕಲಸಿ ಉಂಡೆ ಕಟ್ಟಿದರು. ಒಳಗೆ ಹೊಂಗೆ, ಹುಣಸೆ, ಹಲಸು, ನೇರಳೆ, ಶ್ರೀಗಂಧ, ಯಾರ ಮನೆಯಲ್ಲಿ ಏನಿತ್ತೋ ಅದು. ಬೆಟ್ಟಕ್ಕೆ ಹೋಗಬೇಕಿದ್ದ ಉಂಡೆಯೊಂದು ನಮ್ಮ ಕಾಂಪೌಂಡಿನೊಳಗೇ ಉಳಿಯಿತು. ಮಳೆ ಬಂತು. ನೀರಿನ ಸಂಪಿನ ಮಗ್ಗುಲಲ್ಲೇ ಒಂದು ಸಸಿ ಎದ್ದಿತು. ಚಿಗುರು ನಸುಗೆಂಪು, ಬಲಿತದ್ದು ಹಸಿರು, ಒಂದೊಂದು ತೊಟ್ಟಿಗೆ ಒಂದೊಂದೇ ಎಲೆ.

“ರೀ, ಇದು ಅರಳಿಯೋ ಆಲವೋ ಆಗಿದ್ದರೆ ಸಂಪು ಸೀಳುತ್ತದೆ. ಯಾರನ್ನಾದರೂ ಕೇಳಿ,” ಎಂದಳು ಮನೆಯವಳು. ಕೇಳಿದ್ದೇ ತಪ್ಪು, ಸಸಿಯ ಕಡೆಯಿಂದ ನೋಡಿದರೆ.

ಎದುರುಮನೆಯ ಮೇಷ್ಟ್ರು ಒಂದು ಎಲೆ ಕಿತ್ತರು. ಹಾಲು ಬರಲಿಲ್ಲ. ಆಲವಲ್ಲ, ಹಲಸೂ ಅಲ್ಲ. ವಾಕಿಂಗ್ ಬಂದವರೊಬ್ಬರು ಇನ್ನೊಂದನ್ನು ಹಿಸುಕಿ ಮೂಸಿದರು. ಮಾವಲ್ಲ. ತೇಗದ ಚಿಗುರು ಉಜ್ಜಿದರೆ ಅಂಗೈ ಕೆಂಪಾಗುತ್ತದೆ ಎಂದು ಮೂರನೆಯವರು ಉಜ್ಜಿದರು, ಹಸಿರಾಯಿತು. ಮಗ ಮೊಬೈಲ್ ಹಿಡಿದ. ಅದು ಬೆಳಗ್ಗೆ ನೇರಳೆ ಎಂದಿತು, ಬಿಸಿಲೇರಿದ ಮೇಲೆ ಫೈಕಸ್ ಎಂದಿತು, ಫ್ಲ್ಯಾಶ್ ಹಾಕಿದರೆ ನಿಂಬೆ ಎಂದಿತು. ಒಂದು ಮಾತ್ರ ಮೆಚ್ಚಬೇಕು, ಅದು ಎಲೆ ಕೀಳಲಿಲ್ಲ.

ಇವರನ್ನೇ ದೂರುವುದೂ ನ್ಯಾಯವಲ್ಲ. ಮರಗಳಿಗೂ ಮಕ್ಕಳ ಹಾಗೆ ಎಳವೆಯಲ್ಲಿ ಬೇರೆಯೇ ಮುಖ. ಹಲಸಿನ ಸಸಿಯ ಎಲೆ ಕತ್ತರಿಯಾಡಿಸಿದಂತೆ ಸೀಳಿರುವುದುಂಟು. ಅಕೇಶಿಯಾ ಮೊದಲು ಗರಿಗರಿ ಎಲೆ ಬಿಡುತ್ತದೆ, ದೊಡ್ಡದಾದ ಮೇಲೆ ನಾವು ಎಲೆ ಎನ್ನುವುದು ಚಪ್ಪಟೆಯಾದ ತೊಟ್ಟು. ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಸಸ್ಯಗಳನ್ನು ಹೂವಿನ ಕೇಸರ ಎಣಿಸಿ ವಿಂಗಡಿಸಿದ. ಹೂವೇ ಬಿಡದ ಸಸಿಯ ಮುಂದೆ ಅವನೂ ನಮ್ಮ ಪಕ್ಕದ ಮನೆ ರಾಯರೂ ಸರಿಸಮ.

ರಾಯರ ತೀರ್ಪು ಶ್ರೀಗಂಧ. ಬೆರಳಿಗಿಂತ ತೆಳ್ಳಗಿನ ಕಾಂಡಕ್ಕೆ ಬಗ್ಗಿ ಮೂಗಿಟ್ಟು, “ಬರ್ತಾ ಇದೆ” ಎಂದರು. ಗಂಧ ಬರುವುದು ವರ್ಷಗಳ ಮೇಲೆ ಕೂಡುವ ಒಳಗಿನ ಚೇಗಿಗೆ ಎಂದು ಮೇಷ್ಟ್ರು ತಿದ್ದಿದರೂ ಕೇಳಲಿಲ್ಲ. 2001ರ ತಿದ್ದುಪಡಿಯಿಂದ ಜಮೀನಿನವನೇ ಗಂಧದ ಮರದ ಒಡೆಯ ಎಂದು ನನಗೆ ಧೈರ್ಯ ಹೇಳಿದರು. ಶ್ರೀಗಂಧ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕುವಂಥದ್ದು ಎಂದು ಸುತ್ತಲೂ ತೊಗರಿ ಬಿತ್ತಿಯೂ ಹೋದರು. ಅಂದಿನಿಂದ ನನ್ನ ಹೆಂಡತಿ ರಾತ್ರಿ ಎದ್ದು ಗೇಟಿನ ಬೀಗ ನೋಡತೊಡಗಿದಳು. ಕಳ್ಳರ ಭಯ.

ಅಷ್ಟರಲ್ಲಿ ಅರಸೀಕೆರೆಯ ಕಡೆಯಿಂದ ಅತ್ತೆ ಬಂದರು. ನಾನು ಇನ್ನೊಬ್ಬ ತಜ್ಞರಿಗೆ ತೋರಿಸಲು ಎಲೆಗೆ ಕೈ ಹಾಕುತ್ತಿದ್ದೆ. “ಎಲೆ ಯಾಕೆ ಕೀಳ್ತೀರಿ? ಬುಡ ನೋಡಬಾರದೇ?” ಎಂದು ಬೆರಳಲ್ಲಿ ಮಣ್ಣು ಸರಿಸಿದರು. ಸಸಿಗೆ ಅಂಟಿಕೊಂಡೇ ಒಡೆದ ಬೀಜವಿತ್ತು, ದಪ್ಪಗೆ, ಕಂದು ಸಿಪ್ಪೆಯದು. ಹೊಂಗೆ. ಅದರ ಬೇಳೆ ಮೇಲೇಳುವುದಿಲ್ಲ, ಮಣ್ಣಲ್ಲೇ ಕೂರುತ್ತದೆ. ದೀಪದೆಣ್ಣೆಗೆ ಚಿಕ್ಕಂದಿನಲ್ಲಿ ಮೂಟೆಗಟ್ಟಲೆ ಆಯ್ದವರಂತೆ. ಬೀದಿಬೀದಿಯಲ್ಲಿ ಇರುವ ಮರ! ಆದರೆ ಅದರ ಮೊದಲ ಎಲೆಗಳು ಒಂಟಿ, ಒಂದು ತೊಟ್ಟಿಗೆ ಐದೋ ಏಳೋ ಬರುವುದು ಆಮೇಲೆ. ಹೆಂಡತಿ ನನ್ನ ಮುಖ ನೋಡಿದ್ದನ್ನು ಇಲ್ಲಿ ವಿವರಿಸುವುದಿಲ್ಲ.

ರಾಯರು ಮಾತ್ರ ಬಗ್ಗಲಿಲ್ಲ. “ಹೊಂಗೆ ಬೀಜ ಅಲ್ಲಿ ಬಿದ್ದಿರಬಹುದು, ಗಿಡ ಅದರದ್ದೇ ಅಂತ ಏನು ಗ್ಯಾರಂಟಿ?”

ಹೊಂಗೆಯನ್ನು ಬುಡದ ಮಣ್ಣಿನ ಸಮೇತ ರಸ್ತೆಯಂಚಿಗೆ ಸಾಗಿಸಿದೆವು, ಬದುಕಿದೆ. ತೊಗರಿ ಚೆನ್ನಾಗಿ ಬಂದು ಅತ್ತೆಯ ಕೈಯಲ್ಲಿ ಸಾರಾಯಿತು, ಒಂದು ಪಾತ್ರೆ ರಾಯರ ಮನೆಗೂ ಹೋಯಿತು. ಈಗ ಸಂಪಿನ ಪಕ್ಕ ಇನ್ನೊಂದು ಮೊಳೆತಿದೆ, ಎಲೆ ಗರಿಗರಿ. ಹುಣಸೆ ಎನ್ನುವವರೂ ಇದ್ದಾರೆ, ಗುಲ್‌ಮೊಹರ್ ಎನ್ನುವವರೂ ಇದ್ದಾರೆ. ನೀವೂ ಬನ್ನಿ, ಕಾಫಿ ಕೊಡುತ್ತೇವೆ. ದಯವಿಟ್ಟು ಎಲೆ ಕೀಳಬೇಡಿ, ಇರುವುದೇ ಮೂರು.