ಷಡ್ಡಕನ ಸಾಲಕ್ಕೆ ಬಡ್ಡಿ ಎಷ್ಟು?

ನೆಂಟರಿಗೆ ಕೊಟ್ಟ ದುಡ್ಡಿಗೆ ಬಡ್ಡಿ ಕೇಳೋದಾ, ಬಿಡೋದಾ ಅನ್ನೋ ಮಾತು ಬಂದಾಗಲೆಲ್ಲ ನಾನು ತಿರುಪತಿ ತಿಮ್ಮಪ್ಪನನ್ನು ನಡುವೆ ಎಳೆದು ತರ್ತೀನಿ. ಮದುವೆ ಖರ್ಚಿಗೆ ಅಂತ ಕುಬೇರನ ಹತ್ತಿರ ಸಾಲ ಎತ್ತಿದ್ದು, ಕಲಿಯುಗ ಮುಗಿಯೋವರೆಗೂ ಬಡ್ಡಿ ಕಟ್ಟೋದು, ಅದಕ್ಕೇ ನಾವೆಲ್ಲ ಹುಂಡಿಗೆ ಹಾಕೋದು, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಆದರೆ ಒಂದ್ಸಲ ವಂಶಾವಳಿ ಬಿಡಿಸಿ ನೋಡಿ. ವಿಷ್ಣುವಿನ ಹೊಕ್ಕುಳಿಂದ ಬ್ರಹ್ಮ, ಬ್ರಹ್ಮನ ಮಗ ಪುಲಸ್ತ್ಯ, ಪುಲಸ್ತ್ಯನ ಮಗ ವಿಶ್ರವಸು, ಅವನ ಮಗ ಕುಬೇರ. ಬೆರಳು ಮಡಚಿ ಎಣಿಸಿದರೆ ಕುಬೇರ ತಿಮ್ಮಪ್ಪನಿಗೆ ಗಿರಿಮಗ ಆಗಬೇಕು! ಮುತ್ತಾತನ ಅಪ್ಪ ಬಾಗಿಲಿಗೆ ಬಂದು ಮದುವೆಗೆ ದುಡ್ಡು ಕೇಳಿದರೆ, 'ಅಯ್ಯೋ, ತಗೊಳ್ಳಿ ತಾತಾ' ಅನ್ನಬೇಡವಾ? ಇಲ್ಲ, ಪತ್ರ ಬರೆಸಿಕೊಂಡ. ಸಾಕ್ಷಿಗೆ ಬ್ರಹ್ಮ, ರುದ್ರ, ಅದೂ ಸಾಲದು ಅಂತ ಅಶ್ವತ್ಥಮರ. ಆ ಬ್ರಹ್ಮನಾದರೂ ಯಾರು? ಸಾಲ ತಗೊಂಡವನ ಮಗ, ಕೊಟ್ಟವನ ಮುತ್ತಾತ. ಇಷ್ಟು ಮನೆಮಂದಿ ವ್ಯವಹಾರಕ್ಕೇ ಬಡ್ಡಿ ಬಿದ್ದಿರುವಾಗ ನಮ್ಮ ಷಡ್ಡಕನದ್ದು ಯಾವ ಲೆಕ್ಕ, ಅಲ್ವಾ?

ಷಡ್ಡಕ ಕೇಳಿದ ವೈಖರಿ ಹೇಳ್ತೀನಿ ಕೇಳಿ. ಬಂದ, ಕೂತ, ಕಾಫಿ ಕುಡಿದ, ಈ ಸಲ ಮಳೆ ಕೈ ಕೊಟ್ಟದ್ದು ಹೇಳಿದ, ನನ್ನ ಮಂಡಿನೋವಿಗೆ ಒಂದು ಎಣ್ಣೆ ಹೇಳಿಕೊಟ್ಟ. ಎದ್ದು ಹೊರಟು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡ ಮೇಲೆ, 'ಭಾವ, ಒಂದು ಮಾತು' ಅಂದ. ಇದನ್ನು ನಾನು ಬಹಳ ಜನರಲ್ಲಿ ನೋಡಿದೀನಿ, ಸಾಲದ ಮಾತು ಹೊರಡೋದು ಒಂದು ಕಾಲು ಚಪ್ಪಲಿಯೊಳಗೆ ಹೋದ ಮೇಲೇ. ಮನೆ ಕಟ್ಟಿಸ್ತಾ ಇದ್ದ, ಕೆಲಸ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು, ಮೋಲ್ಡ್ ಹಾಕಿಸಬೇಕು, 'ಒಂದೆರಡು ಆದರೆ ಅನುಕೂಲ ಆಗ್ತಿತ್ತು.' ಎರಡು ಅಂದರೆ ಎರಡು ಲಕ್ಷ. ನಮ್ಮಪ್ಪನ ಕಾಲದಲ್ಲಿ ಇದೇ 'ಎರಡು' ಇನ್ನೂರಿಗೆ ನಿಲ್ಲುತ್ತಿತ್ತು, ಆಮೇಲೆ ಎರಡು ಸಾವಿರ ಆಯ್ತು. ಸೊನ್ನೆ ಹೇಳೋದಕ್ಕೆ ಯಾವ ನೆಂಟನಿಗೂ ಬಾಯಿ ಬರಲ್ಲ ನೋಡಿ. ಕೊನೆಗೊಂದು ಸೇರಿಸಿದ, 'ಬಡ್ಡಿ ಬೇಕಾದ್ರೂ ಕೊಡ್ತೀನಿ.' ಆ 'ಬೇಕಾದ್ರೂ'ದಲ್ಲೇ ಮರ್ಮ ಇರೋದು. ಅದಕ್ಕೆ 'ಛೆ ಛೆ, ನಮ್ಮನಮ್ಮಲ್ಲಿ ಎಂಥ ಬಡ್ಡಿ' ಅಂತ ಹೇಳೋದು ಬಿಟ್ಟು ಬೇರೆ ಉತ್ತರ ಯಾವ ತಾಯಿಯೂ ಮಕ್ಕಳಿಗೆ ಕಲಿಸಿಲ್ಲ.

ಇನ್ನು ಬಡ್ಡಿ ಮಾತಾಡೋಕೆ ಕೂತರೂ ಎಡವಟ್ಟೇ. ಹಳ್ಳಿ ಕಡೆ ಬಡ್ಡಿ ಅಂದರೆ ತಿಂಗಳ ಲೆಕ್ಕ. 'ನೂರಕ್ಕೆ ಎರಡು' ಅಂದರೆ ಬೇಕಾದವರು ಅಂತ ಅರ್ಥ, ಮೂರು ಅಂದರೆ ವ್ಯವಹಾರ, ಅದರಾಚೆ ಮೀಟರ್ ಬಡ್ಡಿಯವರ ಓಣಿ. ನಮ್ಮ ನೆಂಟರಲ್ಲೇ ಒಬ್ಬ ಹುಡುಗ, ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ. ಸೈಟ್ ತಗೊಳ್ಳೋಕೆ ಊರಿನ ದೊಡ್ಡಪ್ಪನ ಹತ್ತಿರ ದುಡ್ಡು ಕೇಳಿದ. 'ಬೇರೆಯವರಿಗೆ ಮೂರು, ನಿನಗೆ ಎರಡು ಸಾಕು ಕಣೋ' ಅಂದರು ಅವರು. ಬ್ಯಾಂಕಿನಲ್ಲಿ ಎಂಟೂವರೆ ಕೇಳ್ತಾರೆ, ದೊಡ್ಡಪ್ಪ ಎಷ್ಟು ಒಳ್ಳೆಯವರು ಅಂತ ಕಾಲಿಗೆ ಬಿದ್ದು ಎದ್ದು ಬಂದ. ತಿಂಗಳಿಗೆ ಎರಡು ಅಂದರೆ ವರ್ಷಕ್ಕೆ ಇಪ್ಪತ್ತನಾಲ್ಕು ಅಂತ ಅವನ ತಲೆಗೆ ಹೊಳೆಯೋ ಹೊತ್ತಿಗೆ ಯುಗಾದಿ ಬಂದಿತ್ತು, ದೊಡ್ಡಪ್ಪನ ಫೋನೂ ಬಂದಿತ್ತು. ಇಬ್ಬರೂ ಮೋಸ ಮಾಡಿರಲಿಲ್ಲ, ಪಾಪ.

ಈ ವಿಷಯದಲ್ಲಿ ನಾನು ಕಂಡ ಜಾಣೆ ಅಂದರೆ ನಮ್ಮ ಸೋದರತ್ತೆ. ಯಾರೇ ಸಾಲ ಕೇಳಲಿ, 'ನನ್ನ ಹತ್ತಿರ ದುಡ್ಡೆಲ್ಲಿದೆಯಪ್ಪಾ' ಅಂತ ಹೇಳಿ ಕೈಬಳೆ ಬಿಚ್ಚಿ ಕೊಡೋರು. ಬ್ಯಾಂಕಿನಲ್ಲಿ ಅಡವಿಟ್ಟು ದುಡ್ಡು ತಗೋ, ಬಿಡಿಸಿ ತಂದುಕೊಡು, ಅಷ್ಟೇ. 'ಬಡ್ಡಿ ಬ್ಯಾಂಕಿನವರು ಕೇಳ್ತಾರೆ, ನಾನ್ಯಾಕೆ ಕೆಟ್ಟವಳಾಗಲಿ?' ಅನ್ನೋರು. ಬಳೆ ವಾಪಸ್ ಬಂದ ದಿನ ನಗುತ್ತಾ ಮಾತಾಡಿಸಿ, ಉಪ್ಪಿಟ್ಟು ಕೊಟ್ಟು, ಆಮೇಲೆ ಪರಿಚಯದ ಅಕ್ಕಸಾಲಿಗನ ಹತ್ತಿರ ಹೋಗಿ ತೂಕ ಹಾಕಿಸಿಕೊಂಡು ಬರೋರು. 2000ನೇ ಇಸವಿಯಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ನಾಲ್ಕೂವರೆ ಸಾವಿರದ ಆಸುಪಾಸು ಇತ್ತು, 2025ರಲ್ಲಿ ಲಕ್ಷ ದಾಟಿತು. ಆಗ ಕೈಗಡ ಕೊಟ್ಟ ನಾಲ್ಕೂವರೆ ಸಾವಿರ ಈಗ ಹಾಗೇ ಬಂದರೆ ಒಂದು ಮೂಗುಬೊಟ್ಟಿಗೂ ಕಷ್ಟ. ಅತ್ತೆಯ ಬಳೆ ಮಾತ್ರ ಎಷ್ಟು ಊರು ಸುತ್ತಿ ಬಂದರೂ ಬಳೆಯೇ.

ಹಳಬರಿಗೂ ಈ ಕಷ್ಟ ಇತ್ತು ಅಂತ ಕಾಣುತ್ತೆ. ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲೇ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ಸಾಲ ಬಡ್ಡಿಗೇ ಒಂದು ಪ್ರಕರಣ ಇದೆ. ಪ್ರೀತಿಯಿಂದ ಕೊಟ್ಟ ಸಾಲಕ್ಕೆ ಮಾತಾಡಿಕೊಳ್ಳದ ಹೊರತು ಬಡ್ಡಿ ಇಲ್ಲ ಅನ್ನುತ್ತೆ ನಾರದಸ್ಮೃತಿ, ಆದರೆ ಆರು ತಿಂಗಳು ದಾಟಿತೋ, ಮಾತಾಡದಿದ್ದರೂ ಬಡ್ಡಿ ಬೆಳೆಯೋಕೆ ಶುರು. ಪ್ರೀತಿಗೆ ಆರು ತಿಂಗಳ ವಾಯಿದೆ! ಇದನ್ನು ಬರೆದ ಮಹಾನುಭಾವನಿಗೂ ಒಬ್ಬ ಷಡ್ಡಕ ಇದ್ದಿರಲೇಬೇಕು.

ಈಗಿನ ಕಾನೂನು ಇನ್ನೂ ತಮಾಷೆ. ಇಪ್ಪತ್ತು ಸಾವಿರ ಮುಟ್ಟಿದ ಸಾಲವನ್ನು ನಗದಾಗಿ ಎಣಿಸಿಕೊಳ್ಳೋ ಹಾಗಿಲ್ಲ, ಬ್ಯಾಂಕಿನ ಮೂಲಕವೇ ಆಗಬೇಕು, ನೆಂಟರು ಅಂತ ರಿಯಾಯಿತಿ ಬರೆದಿಲ್ಲ. ಬಡ್ಡಿ ಬಂದರೆ ಅದು ನಿಮ್ಮ ಆದಾಯ, ತೆರಿಗೆಗೆ ತೋರಿಸಬೇಕು. ಸಾಲ ವಾಪಸ್ ಬರಲ್ಲ ಅಂತ ಕೈತೊಳೆದುಕೊಂಡು, 'ಹೋಗ್ಲಿ, ಉಡುಗೊರೆ ಅಂತ ಇಟ್ಕೋ' ಅಂದಿರಿ ಅನ್ನಿ. ನೆಂಟರಿಂದ ಬಂದ ಉಡುಗೊರೆಗೆ ಎಷ್ಟಿದ್ದರೂ ತೆರಿಗೆ ಇಲ್ಲ, ಬೇರೆಯವರಿಂದ ವರ್ಷಕ್ಕೆ ಐವತ್ತು ಸಾವಿರ ದಾಟಿದರೆ ಇದೆ. ಹಾಗಾದರೆ ನೆಂಟ ಅಂದರೆ ಯಾರು? ಅದಕ್ಕೊಂದು ಪಟ್ಟಿ ಇದೆ. ಷಡ್ಡಕ ಆ ಪಟ್ಟಿಯಲ್ಲಿ ಇದ್ದಾನೆ! ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ದೊಡ್ಡಪ್ಪನ ಮಗ ಇಲ್ಲ. ಮಗಳನ್ನೇ ಕೊಟ್ಟ ಬೀಗರೂ ಇಲ್ಲ. ಸೋದರಮಾವ ಅಳಿಯನಿಗೆ ಕೊಟ್ಟರೆ ಅದು ನೆಂಟರ ಉಡುಗೊರೆ, ಅದೇ ಅಳಿಯ ನಾಳೆ ಮಾವನಿಗೆ ಕೊಟ್ಟರೆ ಆ ಲೆಕ್ಕಕ್ಕೆ ಬರಲ್ಲ. ನೆಂಟಸ್ತಿಕೆ ಹೋಗೋ ದಾರಿಯಲ್ಲಿ ಉಂಟು, ಬರೋ ದಾರಿಯಲ್ಲಿ ಇಲ್ಲ. ಮದುವೆ ಮನೆಯಲ್ಲಿ ಹೇಳಿ ನೋಡಿ ಇದನ್ನು, ಒಬ್ಬರೂ ನಂಬಲ್ಲ.

ಪ್ರೋನೋಟು ಬರೆಸಿಕೊಳ್ಳಿ ಅಂತ ಪಕ್ಕದ ವಕೀಲರು ಹೇಳಿದ್ದರು. ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಅಡ್ಡಲಾಗಿ ಸಹಿ, ಮೂರು ವರ್ಷದೊಳಗೆ ವಸೂಲಿಯೋ ದಾವೆಯೋ ಆಗಬೇಕು, ಇಲ್ಲ ನೋಟು ತಿರುವಿ ಬರೆಸಬೇಕು. ಎಲ್ಲ ಸರಿ. ಆದರೆ ಹೆಂಡತಿಯ ತಂಗಿ ಗಂಡನ ಮುಂದೆ ಸ್ಟ್ಯಾಂಪ್ ಎಂಜಲು ಮಾಡಿ ಅಂಟಿಸೋ ಧೈರ್ಯ ನಿಮಗಿದೆಯಾ? ನಮ್ಮ ಮನೆಯಲ್ಲಂತೂ ಇಲ್ಲ.

ಬಡ್ಡಿ ಬೇಡ ಅಂದವರು ನಿಜವಾಗಿ ಬಡ್ಡಿ ಬಿಡ್ತಾರೆ ಅಂದುಕೊಂಡಿದ್ದೀರಾ? ನಾನಂತೂ ಬಿಟ್ಟವರನ್ನು ಕಂಡಿಲ್ಲ. ಷಡ್ಡಕನ ತೋಟದ ಮಾವಿನಕಾಯಿ ವರ್ಷಾ ವರ್ಷ ನಮ್ಮ ಮನೆಗೆ ಬರುತ್ತೆ, ಅವನ ಕಾರಲ್ಲಿ ನಾವು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೀವಿ, ಅವನ ಮಗ ನಮ್ಮ ಗ್ಯಾಸ್ ಸಿಲಿಂಡರ್ ಎತ್ತಿಡ್ತಾನೆ. ಇದರ ಮೇಲೆ ಬುದ್ಧಿ ಹೇಳೋ ಹಕ್ಕು ಬೇರೆ. ಅವನ ಹೊಸ ಮನೆಗೆ ಇಟಾಲಿಯನ್ ಮಾರ್ಬಲ್ ಯಾಕೆ, ರೆಡ್ ಆಕ್ಸೈಡ್ ಸಾಕಿತ್ತಲ್ಲ ಅಂತ ನಾನು ಎರಡು ಸಲ ಹೇಳಿಯಾಯ್ತು. ಪಾಪ, ಅವರು ಮನೆಮಂದಿಯೆಲ್ಲ ಗೋವಾಕ್ಕೆ ಹೋದಾಗ ವಾಟ್ಸಾಪ್ ಸ್ಟೇಟಸ್ ನನಗೊಬ್ಬನಿಗೆ ಕಾಣದ ಹಾಗೆ ಮಾಡಿದ್ದ. ನಮ್ಮನೆಯವಳು ತನ್ನ ಫೋನಲ್ಲಿ ತೋರಿಸಿದಳು, ಸಮುದ್ರದಲ್ಲಿ ಸ್ಕೂಟರ್ ಓಡಿಸ್ತಾ ಇದ್ದ, ತಲೆಗೆ ಟೋಪಿ ಬೇರೆ. ಅವತ್ತು ನನಗೆ ಅನ್ನಿಸಿದ್ದು ಇಷ್ಟೇ. ಬ್ಯಾಂಕಿನ ಎಫ್.ಡಿ. ಬಡ್ಡಿ ಏನಿದೆಯೋ ಅದನ್ನು ಕೊಡೋ ದಿನವೇ ಬಾಯಿಬಿಟ್ಟು ಮಾತಾಡಿ ತಗೊಂಡುಬಿಟ್ಟರೆ ಅವನು ನಿರಾಳವಾಗಿ ಸಮುದ್ರದಲ್ಲಿ ಸ್ಕೂಟರ್ ಓಡಿಸಬಹುದಿತ್ತು, ನಾನೂ ಫೋಟೋಗೆ ಹೆಬ್ಬೆರಳು ಒತ್ತಬಹುದಿತ್ತು. ಬರಿ ಬಡ್ಡಿ ಆದರೆ ಲೆಕ್ಕ ಇರುತ್ತೆ, ಮಾವಿನಕಾಯಿಗೆ ಲೆಕ್ಕ ಎಲ್ಲಿದೆ?

ಮೊನ್ನೆ ಮಗಳ ಮದುವೆಗೆ ಬಂದಿದ್ದ. ಎರಡು ಲಕ್ಷದಲ್ಲಿ ಇನ್ನೂ ಎಂಬತ್ತು ಸಾವಿರ ಬರಬೇಕು, ಆ ಮಾತು ಬೇಡ. ವೇದಿಕೆ ಹತ್ತಿ ಫೋಟೋ ತೆಗೆಸಿಕೊಂಡು, ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರು ಕೈಗಿಟ್ಟ. ಒಳಗೆ ಐನೂರು. ಮುಯ್ಯಿ ಪುಸ್ತಕ ಬರೀತಿದ್ದ ನಮ್ಮ ಚಿಕ್ಕಪ್ಪ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಇದನ್ನು ಯಾವ ಲೆಕ್ಕಕ್ಕೆ ಹಿಡಿಯೋದು, ಅಸಲಿಗಾ, ಬಡ್ಡಿಗಾ, ಮುಯ್ಯಿಗಾ? ಮುಯ್ಯಿಗೇ ಬರೀಬೇಕು ಅಂತ ನಮ್ಮನೆಯವಳ ತೀರ್ಪು. ಅಂದಮೇಲೆ ನಾಳೆ ಅವನ ಮಗನ ಮದುವೆಗೆ ನಾವು ಅದರ ಮೇಲೆ ನಾಲ್ಕು ಕಾಸು ಸೇರಿಸೇ ಹಾಕಬೇಕು. ಎಂಬತ್ತು ಸಾವಿರ ಹಾಗಿರಲಿ, ಸದ್ಯಕ್ಕೆ ಷಡ್ಡಕನಿಗೆ ನಾವೇ 501 ಬಾಕಿ, ಅದೂ ಬಡ್ಡಿ ಸಮೇತ, ಅಲ್ವಾ?