ನಾಲ್ಕು ಚಕ್ರ, ಮೂರು ನಿಂಬೆಹಣ್ಣು

ಹಳೆ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳುವುದಕ್ಕಿಂತ ಚಕ್ರದಡಿ ನಿಂಬೆಹಣ್ಣು ಇಡುವುದೇ ವಾಸಿ ಎಂಬುದು ನನ್ನ ವಾದ. ನಗಬೇಡಿ, ಲೆಕ್ಕ ಕೊಡುತ್ತೇನೆ. ಅಮೆರಿಕದ ಕನ್ನಡ ಮನೆಗಳಲ್ಲಿ ಈ ಜಗಳಕ್ಕೆ ಕಾವೇರುವುದು ಆಯುಧಪೂಜೆಯ ದಿನ. ಊರಿಂದ ಆರು ತಿಂಗಳಿಗೆಂದು ಬಂದ ಅಪ್ಪ ಹನ್ನೊಂದು ವರ್ಷದ ಕ್ಯಾಮ್ರಿಗೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಒತ್ತಿಟ್ಟು, "ಹ್ಞೂಂ, ಈಗ ತೆಗಿ" ಅನ್ನುತ್ತಾರೆ. ಊಟದ ಮೇಜಿನ ಮೇಲೆ ವಾರಂಟಿ ಕಾಗದ ಹರಡಿಕೊಂಡು ಕೂತ ಮಗ ಎದ್ದು ಬಂದು ರಿವರ್ಸ್ ಹಾಕುತ್ತಾನೆ. ಫಟ್, ಫಟ್, ಫಟ್. ನಾಲ್ಕನೆಯದರ ಸದ್ದಿಲ್ಲ. ಡ್ರೈವ್‌ವೇ ಇಳಿಜಾರು, ಹಿಂದಿನ ಬಲಚಕ್ರದ ಹಣ್ಣು ಉರುಳುತ್ತಾ ರಸ್ತೆ ದಾಟಿ ಎದುರು ಮನೆಯ ಹುಲ್ಲು ಸೇರಿರುತ್ತದೆ. ಈಗ ಆ ಚಕ್ರಕ್ಕೆ ಕವರೇಜ್ ಇದೆಯೋ ಇಲ್ಲವೋ? ಅಪ್ಪನ ಪ್ರಕಾರ ಸುತರಾಂ ಇಲ್ಲ. ಅಮ್ಮನ ಪ್ರಕಾರ ಮೂರು ಸಿಡಿದ ಮೇಲೆ ಬಹುಮತ ಬಂದಂತೆಯೇ. ಇಷ್ಟು ಹೊತ್ತಿಗೆ ಕವರೇಜ್ ಎದುರು ಮನೆಯವರ ಪಾಲಾಯಿತು ಅನ್ನುತ್ತಾಳೆ ಸೊಸೆ. ಮತ್ತೊಂದು ಇಡೋಣವೆಂದರೆ ಆಗಲೇ ರಾಹುಕಾಲ. "ತಾತ, ಇಲ್ಲಿ ಕೆಟ್ಟ ಕಾರಿಗೇ ಲೆಮನ್ ಅಂತಾರೆ," ಅನ್ನುತ್ತಾನೆ ಮೊಮ್ಮಗ. "ಅದಕ್ಕೇ ಕಣೋ ಮರಿ ಚಕ್ರದಡಿ ಹಾಕೋದು!"

ಈ ಗದ್ದಲದಲ್ಲಿ ಮೇಜಿನ ಮೇಲಿನ ಕಾಗದವನ್ನು ಯಾರೂ ಓದುವುದಿಲ್ಲ. ಓದಿದರೆ ಮೊದಲು ತಿಳಿಯುವುದು, ಅದು ವಾರಂಟಿಯೇ ಅಲ್ಲ ಎಂಬುದು. ವಾರಂಟಿ ಕಾರಿನ ಬೆಲೆಯೊಳಗೇ ಬರುತ್ತದೆ. ಟೊಯೋಟದವರು ಎಂಜಿನ್ನಿಗೂ ಟ್ರಾನ್ಸ್‌ಮಿಷನ್ನಿಗೂ ಕೊಡುವುದು 5 ವರ್ಷ ಅಥವಾ 60,000 ಮೈಲಿ, ಅದು ಎಂದೋ ತೀರಿಹೋಗಿದೆ. ಬೇರೆ ದುಡ್ಡು ಕೊಟ್ಟು ಕೊಳ್ಳುವ ಇದಕ್ಕೆ ಅಲ್ಲಿಯ ವ್ಯಾಪಾರ ಆಯೋಗ ಇಟ್ಟಿರುವ ಹೆಸರು ಸರ್ವಿಸ್ ಕಾಂಟ್ರ್ಯಾಕ್ಟ್, ಅಂದರೆ ರಿಪೇರಿ ಗುತ್ತಿಗೆ. ದಶಕದ ಹಿಂದೆ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ತನ್ನ ಓದುಗರನ್ನು ವಿಚಾರಿಸಿದಾಗ, ಇದನ್ನು ಕೊಂಡವರಲ್ಲಿ ನೂರಕ್ಕೆ 55 ಮಂದಿ ಒಮ್ಮೆಯೂ ಬಳಸಿರಲಿಲ್ಲ. ತೆತ್ತದ್ದು ಮಾತ್ರ 1,200 ಡಾಲರಿನ ಆಸುಪಾಸು. ನಿಂಬೆಹಣ್ಣಿಗೆ ಡಿಡಕ್ಟಿಬಲ್ ಇಲ್ಲ, ಮೂವತ್ತು ದಿನ ಕಾಯಬೇಕಿಲ್ಲ, ಚೀಲದಲ್ಲಿ ಉಳಿದದ್ದು ಮಾರನೆಯ ದಿನ ಚಿತ್ರಾನ್ನವಾಗುತ್ತದೆ. ಬಳಸದೆ ಉಳಿದ ವಾರಂಟಿಯಿಂದ ಏನು ಕಲಸಲಾದೀತು?

ಹೊಸ ಕಾರಿನ ಮಾತು ಬೇರೆ, ಹಳೆಯದು ಕೆಟ್ಟೇ ಕೆಡುತ್ತದಲ್ಲ ಅನ್ನಬಹುದು. ಕೆಡುತ್ತದೆ. ಆದರೆ ಅದು ಮಾರುವವನಿಗೂ ಗೊತ್ತು. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಲೆಮನ್‌ಗಳ ಮಾರುಕಟ್ಟೆ ಅಂತಲೇ ಲೇಖನ ಬರೆದು, 2001ರಲ್ಲಿ ನೊಬೆಲ್ ಪಡೆದ. ಹಳೆ ಕಾರಿನ ನಿಜಸ್ಥಿತಿ ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ, ಅದರಿಂದ ಇಡೀ ಪೇಟೆಯೇ ಕೆಡುತ್ತದೆ ಎಂಬುದು ಅದರ ತಿರುಳು. ಅದೇ ಲೇಖನದಲ್ಲಿ ಆತ 65 ದಾಟಿದವರಿಗೆ ಆರೋಗ್ಯ ವಿಮೆ ಸಿಗುವುದು ಏಕೆ ಕಷ್ಟ ಎಂಬುದನ್ನೂ ಇದೇ ಲೆಕ್ಕದಲ್ಲಿ ವಿವರಿಸಿದ್ದಾನೆ. ಎಂದರೆ, ಕ್ಯಾಮ್ರಿಯೂ ಅಪ್ಪನೂ ಒಂದೇ ಪುಟದ ಗಿರಾಕಿಗಳು. ಬೇಕಾದರೆ ಅಪ್ಪನಿಗೆಂದು ಕೊಂಡ ವಿಸಿಟರ್ ಇನ್ಶೂರೆನ್ಸನ್ನು ಕಾರಿನ ಕಾಗದದ ಪಕ್ಕ ಇಟ್ಟು ನೋಡಿ. ಮೊದಲೇ ಇದ್ದ ತೊಂದರೆಗೆ ಕೊಡುವುದಿಲ್ಲ: ಅಲ್ಲಿ ಬಿಪಿ, ಶುಗರ್, ಇಲ್ಲಿ ಆಯಿಲ್ ಸೋರಿಕೆ. ಸವೆದದ್ದಕ್ಕೆ ಕೊಡುವುದಿಲ್ಲ: ಇಲ್ಲಿ ಬ್ರೇಕ್ ಪ್ಯಾಡು; ಅಲ್ಲಿ, ಮೂವತ್ತು ವರ್ಷ ಬಜಾಜ್ ಚೇತಕ್ ಒದ್ದು ಸವೆದ ಮಂಡಿ. ಮಗ ಇದನ್ನು ಗಟ್ಟಿಯಾಗಿ ಓದುತ್ತಾ ಹೋಗಿ, ಅರ್ಧದಲ್ಲಿ ದನಿ ತಗ್ಗಿಸುತ್ತಾನೆ. ಅಪ್ಪ ಮಾತ್ರ, "ಸರಿಯಾಗೇ ಬರೆದಿದಾನೆ ಬಿಡು, ನನ್ನ ಮಂಡಿಗೆ ನಾನೂ ಗ್ಯಾರಂಟಿ ಕೊಡಲ್ಲ," ಅಂದು ಅಮ್ಮನ ಕಡೆ ನೋಡುತ್ತಾರೆ.

ಟ್ರಾನ್ಸ್‌ಮಿಷನ್ ಹೋದರೆ ನಾಲ್ಕೈದು ಸಾವಿರ ಎಲ್ಲಿಂದ ತರುವುದು ಎಂಬುದು ಗಟ್ಟಿ ಪ್ರಶ್ನೆ. ಎಷ್ಟೋ ಗುತ್ತಿಗೆಗಳು ಕಾರಿನ ಆಗಿನ ಬೆಲೆಗಿಂತ ಒಂದು ಡಾಲರೂ ಹೆಚ್ಚು ಕೊಡುವುದಿಲ್ಲ. ಅಂಥ ಪೆಟ್ಟು ಬಿದ್ದ ದಿನ ಹಳೆ ಕಾರನ್ನು ಬೀಳ್ಕೊಡುವುದೇ ಲಾಭ. ಅಲ್ಲಿಯವರೆಗೆ ಆ ಕಂತಿನ ಹಣ ಸಾಸಿವೆ ಡಬ್ಬಿಯಲ್ಲಿರಲಿ. ಆದರೆ ಅಜ್ಜಿಯ ಸಾಸಿವೆ ಡಬ್ಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಮೊಮ್ಮಕ್ಕಳು ಬ್ಯಾಂಕಿನಲ್ಲಿ ತೆರೆದ ಡಬ್ಬಿ ಮಗಳ ರಂಗಪ್ರವೇಶಕ್ಕೋ ಡಿಸೆಂಬರಿನ ಬೆಂಗಳೂರು ಟಿಕೆಟ್ಟಿಗೋ ಬರಿದಾಗುತ್ತದೆ. ಇಷ್ಟು ಗೊತ್ತಿದ್ದವರು, ಒಮ್ಮೆಗೇ ದೊಡ್ಡ ಬಿಲ್ಲು ಬಂದರೆ ತಡೆಯಲಾರದವರು, ಕೊಳ್ಳಲಿ: ಕಾರು ಮಾಡಿದ ಕಂಪನಿಯದನ್ನೇ, ಚೌಕಾಸಿ ಮಾಡಿ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ಸು ಎಂದು ಕೇಳಿಕೊಂಡು. ಫೋನಿನಲ್ಲಿ ಮಾರುವವರಿಂದ ಮಾತ್ರ ಬೇಡ. ಅಂಥ ಒಂದು ಜಾಲ 2021ರ ಮೂರೇ ತಿಂಗಳಲ್ಲಿ 500 ಕೋಟಿಗೂ ಹೆಚ್ಚು ಕರೆ ಮಾಡಿತ್ತೆಂದು 2023ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಸುಮಾರು 30 ಕೋಟಿ ಡಾಲರ್ ದಂಡ ಹಾಕಿತು. ಅಷ್ಟು ಕರೆಗಳಲ್ಲಿ ಕೊನೆಯವರೆಗೂ ಕೇಳಿ, "ಊಟ ಆಯ್ತಾ?" ಎಂದು ವಿಚಾರಿಸಿದವರೆಲ್ಲ ನಮ್ಮ ತಂದೆತಾಯಂದಿರೇ ಇರಬೇಕು.

ಇಷ್ಟಾದ ಮೇಲೂ ಈ ಜಗಳ ಮುಗಿಯುವುದಿಲ್ಲ. ದೀಪಾವಳಿಯ ಹೊತ್ತಿಗೆ ಕಾರಿನಲ್ಲೆಲ್ಲೋ ಕಿರ್ ಎಂಬ ಸದ್ದು ಶುರುವಾಗುತ್ತದೆ. ಹುಡುಕಿದರೆ ಹಿಂದಿನ ಬಲಚಕ್ರದ ಬ್ರೇಕು! ಗುತ್ತಿಗೆ ಕೊಂಡಿದ್ದರೂ ಪ್ಯಾಡಿಗೆ ಕಾಸು ಹುಟ್ಟುತ್ತಿರಲಿಲ್ಲ ಎಂದು ಮಗ ಷರತ್ತಿನ ಸಾಲು ತೋರಿಸುತ್ತಾನೆ. ಅಪ್ಪ ಎದುರು ಮನೆಯ ಹುಲ್ಲಿನತ್ತ ಕೈ ತೋರಿಸುತ್ತಾರೆ. ಮಗ ಹೊಸ ಪ್ಯಾಡ್ ಹಾಕಿಸಿಕೊಂಡು ಬರುವಷ್ಟರಲ್ಲಿ ಡ್ರೈವ್‌ವೇಯಲ್ಲಿ ಇನ್ನೊಂದು ನಿಂಬೆಹಣ್ಣು ಕಾದಿರುತ್ತದೆ, ಈ ಸಲ ಉರುಳದ ಹಾಗೆ ಹಿಂದೊಂದು ಸಣ್ಣ ಕಲ್ಲು ಒತ್ತಿಕೊಂಡು.