ಖಡಿರಸ್ತಾ ದ್ವಿಚಕ್ರ ಮೀಮಾಂಸೆ

ವಿಷಯ

ಡಾಂಬರು ಮುಗಿದು ಖಡಿ ಶುರುವಾಗುವ ಸಂಧಿಕಾಲದಲ್ಲಿ ಮನುಷ್ಯ ಯಾವ ಸೈಕಲ್ಲಿನ ಮೇಲೆ ಕೂತಿರಬೇಕು? ಈ ಜಿಜ್ಞಾಸೆಗೆ ಬೆಳಗಾವಿ ಪಕ್ಕದ ಕಾಕತಿಗಿಂತ ಯೋಗ್ಯ ಪೀಠವಿಲ್ಲ. ಊರಿನ ಮಗ್ಗುಲಲ್ಲೇ ಪುಣೆ–ಬೆಂಗಳೂರು ಹೆದ್ದಾರಿ. ಅದನ್ನು ಬಿಟ್ಟು ಹೊಲದ ಕಡೆ ಹೊರಳಿದರೆ ಗರಸು, ಖಡಿ, ಕಬ್ಬಿನ ಟ್ರ್ಯಾಕ್ಟರು ಕೊರೆದ ಗುಂಡಿ. 1778ರಲ್ಲಿ ಇಲ್ಲಿ ಹುಟ್ಟಿದ ಕಿತ್ತೂರಿನ ರಾಣಿ ಚೆನ್ನಮ್ಮ ಚಿಕ್ಕಂದಿನಲ್ಲೇ ಕುದುರೆ ಸವಾರಿ ಕಲಿತವರು. ಕುದುರೆಗೆ ಹವಾ ಹಾಕಿಸುವ ಪ್ರಮೇಯವಿರಲಿಲ್ಲವಾದ್ದರಿಂದ ಈ ಶಾಸ್ತ್ರ ಆಗ ಬೆಳೆಯಲಿಲ್ಲ. ಹವಾ ತುಂಬಿದ ಸೈಕಲ್ ಟೈರಿಗೆ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ, ಅಂದರೆ 110 ವರ್ಷ ತಡವಾಗಿ. ಆತ ವೃತ್ತಿಯಿಂದ ಪಶುವೈದ್ಯ. ಕುದುರೆಯ ಅನ್ನಕ್ಕೆ ಕಲ್ಲು ಹಾಕಿದವನು ಪಶುವೈದ್ಯನೇ ಎಂಬುದು ವಿದ್ವಾಂಸರು ಚಿಂತಿಸಬೇಕಾದ ಸಂಗತಿ.

ಸಂಶಯ

ಅಂಗಡಿಯಲ್ಲಿ ಗಾಲಿಯ ಅಳತೆಗೆ 28 ಇಂಚು, 29 ಇಂಚು, 700ಸಿ ಎಂದು ಮೂರು ಪಾಠಾಂತರಗಳಿವೆ. ಹಾಲಿನ ಕ್ಯಾನು ಹೊರುವ ಕಪ್ಪು ಸೈಕಲ್ಲಿನ 28 ಇಂಚಿನ ಗಾಲಿಯಲ್ಲಿ ಟೈರು ಕೂರುವ ವ್ಯಾಸ 635 ಮಿ.ಮೀ. ಗುಡ್ಡ ಹತ್ತುವ ಸೈಕಲ್ಲಿನ 29 ಇಂಚಿನದು 622. 700ಸಿ ಎಂಬುದೂ 622. ಹೀಗೆ 28 ಎಂಬುದು 29ಕ್ಕಿಂತ ದೊಡ್ಡದು, 29 ಎಂಬುದು 700ಕ್ಕೆ ಸಮ ಎಂದು ಸಿದ್ಧವಾಯಿತು. ಗಣಿತಜ್ಞರು ಇಲ್ಲಿ ಮೌನ ವಹಿಸುತ್ತಾರೆ, ಅಂಗಡಿಯವರು ಬಿಲ್ ಬರೆಯುತ್ತಾರೆ. ಆದ್ದರಿಂದ ಮುಮುಕ್ಷುವು ಟೈರಿನ ಪಕ್ಕೆಯ ಮೇಲೆ ಅಚ್ಚಾದ ‘40-622’ರಂಥ ಜೋಡಿಯನ್ನು ಮಾತ್ರ ನಂಬತಕ್ಕದ್ದು. ಮೊದಲನೆಯದು ಅಗಲ, ಎರಡನೆಯದು ವ್ಯಾಸ. ಉಳಿದದ್ದೆಲ್ಲ ಮಾಯೆ.

ಪೂರ್ವಪಕ್ಷ

ಇಲ್ಲಿ ನಾಲ್ಕು ಮತಗಳಿವೆ. ಡಾಂಬರಿಗೊಂದು, ಖಡಿಗೊಂದು ಬೇರೆ ಬೇರೆ ಸೈಕಲ್ ಬೇಕೆನ್ನುವವರು ದ್ವೈತಿಗಳು. ಇವರ ಮತ ನಿರ್ದುಷ್ಟ, ಮನೆಯಲ್ಲಿ ಜಾಗವಿಲ್ಲ ಅಷ್ಟೆ. ಒಂದೇ ಸೈಕಲ್ ಸಾಕು, ರಸ್ತೆಯ ಭೇದ ತೋರಿಕೆಯದು ಎನ್ನುವವರು ಅದ್ವೈತಿಗಳು. 25 ಮಿ.ಮೀ. ಟೈರಿನಲ್ಲಿ ಖಡಿಗೆ ಇಳಿದ ಅದ್ವೈತಿಗೆ ಭೇದದ ಅರಿವು ಮೊದಲು ನಡುವಿಗೆ ಆಗುತ್ತದೆ. ಫ್ರೇಮು ಒಂದು, ಗಾಲಿಜೋಡಿ ಎರಡು ಎನ್ನುವವರು ವಿಶಿಷ್ಟಾದ್ವೈತಿಗಳು. ಸಾಲ ಮಾಡಿಯಾದರೂ ಕಾರ್ಬನ್ ಫ್ರೇಮೇ ಕೊಳ್ಳು ಎನ್ನುವವರು ಚಾರ್ವಾಕರು. ಮರುಜನ್ಮ ನಂಬದ ಅವರಿಗೂ ಕಂತು ಮಾತ್ರ ಪ್ರತಿ ತಿಂಗಳು ಮರಳಿ ಹುಟ್ಟುತ್ತದೆ.

ಸಿದ್ಧಾಂತ

ಮೊದಲ ಸೈಕಲ್ಲಿಗೆ ಸಂಸ್ಕರಿಸಿದ ಅದ್ವೈತವೇ ಸರಿ: ಸೈಕಲ್ ಒಂದು, ಟೈರು ಅಗಲ. ಎಷ್ಟು ಅಗಲ? 38ರಿಂದ 45 ಮಿ.ಮೀ. ಗ್ರ್ಯಾವೆಲ್ ಅಂದರೆ ಖಡಿ ಸೈಕಲ್ಲೆಂಬ ಈ ನವೀನ ಮತಕ್ಕೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ್ದು 2022ರಲ್ಲಿ, ಇಟಲಿಯಲ್ಲಿ. ಆದರೆ ಕಪ್ಪು ಸೈಕಲ್ಲಿನ ಟೈರಿನ ಅಗಲ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹಾಲು, ಹುಲ್ಲು, ಹಿಂದೊಬ್ಬ, ಮುಂದೊಬ್ಬನನ್ನು ಹೇರಿಕೊಂಡು ಖಡಿ ದಾಟಿದವರಿಗೆ ಯಾರೂ ಪದಕ ಕೊಡಲಿಲ್ಲವೆಂದ ಮಾತ್ರಕ್ಕೆ ಅವರ ಪ್ರಾಚೀನತೆ ಅಳಿಯದು.

ಹಾಗಾದರೆ ಕಪ್ಪು ಸೈಕಲ್ಲನ್ನೇ ಏಕೆ ಕೊಳ್ಳಬಾರದು? ವಂಟಮುರಿ ಘಾಟಿನ ಏರು ಇರುವುದರಿಂದ. ಕಪ್ಪು ಸೈಕಲ್ಲಿಗಿರುವುದು ಒಂದೇ ಗಿಯರು, ಮಳೆಯಲ್ಲಿ ಅದರ ಕಂಬಿ ಬ್ರೇಕು ಸವಾರನ ಮಾತು ಕೇಳಿಸಿಕೊಳ್ಳುತ್ತದೆ, ಪಾಲಿಸುವುದಿಲ್ಲ. ಆದ್ದರಿಂದ ಮುಂದಿನ ಚಿಕ್ಕ ಚಕ್ರದ ಹಲ್ಲು ಹಿಂದಿನ ದೊಡ್ಡ ಚಕ್ರದ ಹಲ್ಲಿಗಿಂತ ಹೆಚ್ಚಿರಬಾರದು. ಬ್ರೇಕು ಡಿಸ್ಕಿನದಾಗಿರಬೇಕು, ಏಕೆಂದರೆ ಕೆಸರು ಮೆತ್ತಿದ ರಿಮ್ಮನ್ನು ರಬ್ಬರು ಬ್ರೇಕು ಅರದಂತೆ ತೇಯುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ, ಖಾನಾಪುರ ತಾಲೂಕಿನ ಕೆಂಪು ದಾರಿಗಳಲ್ಲಿ ಮಳೆಗಾಲ ಕಳೆಯುವವರು ಮಡ್‌ಗಾರ್ಡ್ ಕೂರಿಸುವ ತೂತುಗಳನ್ನು ಎಣಿಸಿ ನೋಡತಕ್ಕದ್ದು. ಎರೆ ಮಣ್ಣಿಗೆ ಇಳಿಯುವವರು ಟೈರಿಗೂ ಫೋರ್ಕಿಗೂ ನಡುವೆ ಬೆರಳು ಆಡಿಸಿ ನೋಡತಕ್ಕದ್ದು. ಸಂದಿ ಕಿರಿದಾದರೆ ಮಣ್ಣು ತುಂಬಿ ಗಾಲಿ ಸಮಾಧಿಸ್ಥವಾಗುತ್ತದೆ, ಆಮೇಲೆ ಸವಾರನ ಹೆಗಲ ಮೇಲೆ ಸೈಕಲ್ ಸವಾರಿ ಮಾಡುತ್ತದೆ.

ಪ್ರಮಾಣ

ಪ್ರಮಾಣಗಳು ಮೂರು. ಖಡಿಯ ಮೇಲೆ ಓಡಿಸಿ ನೋಡುವುದು ಪ್ರತ್ಯಕ್ಷ. ಟೈರನ್ನು ಹೆಬ್ಬೆರಳಿಂದ ಒತ್ತಿ ಹವಾ ಊಹಿಸುವುದು ಅನುಮಾನ. ಖಡಿಗೆ ಇಳಿಯುವಾಗ ಹವಾ ಸ್ವಲ್ಪ ಕಡಿಮೆಯಿದ್ದರೆ ಹಿಡಿತ ಹೆಚ್ಚು, ಕುಲುಕಾಟ ಕಡಿಮೆ. ಮೂರನೆಯದು ಆಪ್ತವಾಕ್ಯ. “ಈ ಟ್ಯೂಬ್ ನಮ್ಮ ಕಡೆ ಸಿಗಂಗಿಲ್ಲ ನೋಡ್ರಿ” ಎಂದು ಪಂಚರ್ ಅಂಗಡಿಯ ಹಿರಿಯರು ನುಡಿದರೆ ಮೊದಲೆರಡು ಪ್ರಮಾಣಗಳೂ ಬಿದ್ದುಹೋಗುತ್ತವೆ. ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಮೋಟಾರುಬೈಕಿನ ಹವಾ ಪೈಪು ಕೂರದು. ಬೆರಳುಗುರಿನಷ್ಟಿರುವ ಹಿತ್ತಾಳೆಯ ಅಡಾಪ್ಟರು ಜೇಬಿನಲ್ಲಿದ್ದರೆ ಕೂರುತ್ತದೆ. ಸಾವಿರಾರು ರೂಪಾಯಿಯ ವಾದವನ್ನು ಆ ಹಿತ್ತಾಳೆ ಚೂರು ಗೆಲ್ಲಿಸಿಕೊಡುತ್ತದೆ.

ಫಲಶ್ರುತಿ

ಈ ಪ್ರಬಂಧವನ್ನು ಓದಿದವರಿಗೆ ಪಂಚರ್ ಆಗುವುದಿಲ್ಲವೆಂದು ನಾವು ಭಾಷೆ ಕೊಡುವುದಿಲ್ಲ. ಬಣ್ಣ, ಬ್ರ್ಯಾಂಡು, ತೂಕ ಇವನ್ನು ಕಡೆಗೆ ನೋಡಿ. ಟೈರಿನ ಅಗಲ, ಗಿಯರಿನ ಹಲ್ಲು, ಫೋರ್ಕಿನ ಸಂದಿ ಇವನ್ನು ಮೊದಲು ನೋಡಿ. ದುಡ್ಡು ಕೊಡುವ ಮುನ್ನ ನಿಮ್ಮೂರ ಪಂಚರ್ ಅಂಗಡಿಯವರನ್ನು ಒಂದು ಮಾತು ಕೇಳಿ.